ಒಂದು ಕಂಬ, ಒಂದು ಕಣ, ಹನ್ನೆರಡು ಕುರ್ಚಿ

ಗಾಲ್ಫ್ ಗಾಡಿಗೆ ಹಾಕುವ ಒಂದಷ್ಟು ಬ್ಯಾಟರಿಗಳು ಬಿದ್ದು ಹಾಳಾದವು. ಕೆಲಸಕ್ಕೆ ಸೇರಿ ಇನ್ನೂ ಕೆಲವೇ ದಿನವಾಗಿದ್ದ ಕರ್ಟಿಸ್ ಫ್ಲವರ್ಸ್ ಎಂಬ 26 ವರ್ಷದ ಕಪ್ಪು ಯುವಕನ ಸಂಬಳದಲ್ಲಿ ಆ ನಷ್ಟವನ್ನು ಮುರಿದುಕೊಳ್ಳುವ ಮಾತು ಬಂತು. ಮುಂದೆ ಅವರು ಕೆಲಸಕ್ಕೆ ಹೋಗಲಿಲ್ಲ. ಮಾಲಕಿಯೂ ಬೇರೆಯವರನ್ನು ತೆಗೆದುಕೊಂಡರು. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ವಿನೋನಾ ಎಂಬ, ಸುಮಾರು ಐದು ಸಾವಿರ ಜನರ ಊರಿನ ‘ಟಾರ್ಡಿ ಫರ್ನಿಚರ್’ ಅಂಗಡಿಯಲ್ಲಿ ನಡೆದದ್ದು ಇಷ್ಟೇ. ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಆಗಾಗ ನಡೆಯುವಂಥ ತಕರಾರು.

1996ರ ಜುಲೈ 16ರ ಬೆಳಿಗ್ಗೆ ಅದೇ ಅಂಗಡಿಯಲ್ಲಿ ನಾಲ್ವರು ತಲೆಗೆ ಗುಂಡೇಟು ಬಿದ್ದು ಉರುಳಿದ್ದರು. 59 ವರ್ಷದ ಮಾಲಕಿ, ಲೆಕ್ಕ ಬರೆಯುತ್ತಿದ್ದ 45ರ ಮಹಿಳೆ, ಹೊಸದಾಗಿ ಕೆಲಸ ಹಿಡಿದಿದ್ದ 42ರ ಗೃಹಸ್ಥ, ಹದಿನಾರರ ಒಬ್ಬ ಹುಡುಗ. ಹೊಸಬರಿಗೆ ಕೆಲಸ ಹೇಳಿಕೊಡಲೆಂದು ಮಾಲಕಿ ಕರೆಸಿಕೊಂಡಿದ್ದ ಹಳೆಯ ನೌಕರರೊಬ್ಬರು ಒಳಗೆ ಕಾಲಿಟ್ಟಾಗ ಹುಡುಗನಿಗೆ ಇನ್ನೂ ಉಸಿರಿತ್ತು. ಆಸ್ಪತ್ರೆಯಲ್ಲಿ ಕೆಲವು ದಿನ ಜೀವ ಹಿಡಿದುಕೊಂಡಿದ್ದು ಅವನೂ ತೀರಿಕೊಂಡ.

ಬ್ಯಾಟರಿಯ ಸಿಟ್ಟಿಗೂ ನಾಲ್ಕು ಕೊಲೆಗಳಿಗೂ ಗಂಟು ಹಾಕಲಾಯಿತು. 1997ರ ಜನವರಿಯಲ್ಲಿ ಕರ್ಟಿಸ್ ಬಂಧನವಾಯಿತು. ಆಮೇಲೆ ನಡೆದದ್ದಕ್ಕೆ ಅಮೆರಿಕದಲ್ಲೂ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಒಬ್ಬನೇ ಆರೋಪಿ, ಅದೇ ಕೊಲೆಗಳು, ಅದೇ ಪ್ರಾಸಿಕ್ಯೂಟರ್, ಆರು ವಿಚಾರಣೆ. 1997, 1999, 2004, 2007, 2008, 2010. ನಾಲ್ಕು ಸಲ ಮರಣದಂಡನೆ ಆಯಿತು. ಅದರಲ್ಲಿ ಮೊದಲ ಮೂರನ್ನು ಮಿಸಿಸಿಪ್ಪಿಯ ಸುಪ್ರೀಂ ಕೋರ್ಟೇ ರದ್ದು ಮಾಡಿತು. ನಡುವಿನ ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಪ್ರಾಸಿಕ್ಯೂಟರ್ ಡಗ್ ಎವಾನ್ಸ್ ಪ್ರತಿ ಸಲವೂ ಕಡತ ಕೊಡವಿಕೊಂಡು ಮತ್ತೆ ಬಂದರು.

ಈ ಕಥೆಯನ್ನು ಜಗತ್ತಿಗೆ ಕೇಳಿಸಿದ್ದು ‘ಇನ್ ದ ಡಾರ್ಕ್’ ಎಂಬ ಪಾಡ್‌ಕಾಸ್ಟಿನ ಎರಡನೆಯ ಸರಣಿ. ಎಪಿಎಂ ರಿಪೋರ್ಟ್ಸ್ ಸಂಸ್ಥೆಯ ವರದಿಗಾರ್ತಿ ಮ್ಯಾಡಲೀನ್ ಬ್ಯಾರನ್, ನಿರ್ಮಾಪಕಿ ಸಮಾರಾ ಫ್ರೀಮಾರ್ಕ್ ಮತ್ತು ತಂಡದವರು ಮಿಸಿಸಿಪ್ಪಿಯಲ್ಲೇ ಮನೆ ಹಿಡಿದು, ಹತ್ತಿರ ಹತ್ತಿರ ಒಂದು ವರ್ಷ ಕೂತರು. 2018ರ ಮೇ 1ರಂದು ಮೊದಲ ಕಂತು ಬಂತು.

ಕೊಲೆ ಪಾಡ್‌ಕಾಸ್ಟುಗಳ ಬಗ್ಗೆ ನನಗೆ ಅಂಥ ಗೌರವವೇನೂ ಇಲ್ಲ. 2014ರಲ್ಲಿ ‘ಸೀರಿಯಲ್’ ಬಂದು ಹುಚ್ಚು ಹಿಡಿಸಿದ ಮೇಲೆ ಈ ಕಸುಬಿಗೆ ಇಳಿದವರಿಗೆ ಲೆಕ್ಕವಿಲ್ಲ. ಸತ್ತವರ ಹೆಸರನ್ನು ಪಿಸುದನಿಯಲ್ಲಿ ಹೇಳುವುದು, ಸಂಗೀತ ಏರಿಸುವುದು, ‘ಅವಳು ಬಾಗಿಲು ತೆಗೆದಾಗ…’ ಎಂದು ನಿಲ್ಲಿಸಿ ಹಾಸಿಗೆ ಕಂಪನಿಯ ಜಾಹೀರಾತು ಹಾಕುವುದು. ಕೇಳುಗರು ಮನೆಯಲ್ಲಿ ಕೂತು ಪತ್ತೇದಾರಿ ಮಾಡುತ್ತಾರೆ. ಗಂಡನೋ ನೆರೆಯವನೋ ಎಂದು ಬಾಜಿ ಕಟ್ಟುತ್ತಾರೆ. ‘ಇನ್ ದ ಡಾರ್ಕ್’ ಈ ಆಟಕ್ಕೆ ಇಳಿಯಲಿಲ್ಲ. ಕೊಂದವರು ಯಾರು ಎಂಬುದನ್ನು ಹೆಚ್ಚುಕಡಿಮೆ ಬದಿಗಿಟ್ಟು, ‘ಇವನೇ ಎಂದು ನಿಮಗೆ ಹೇಗೆ ಗೊತ್ತಾಯಿತು?’ ಎಂಬ ಒಂದೇ ಪ್ರಶ್ನೆಯನ್ನು ಪೊಲೀಸರಿಗೆ, ಸಾಕ್ಷಿಗಳಿಗೆ, ಪ್ರಯೋಗಾಲಯದವರಿಗೆ ಮತ್ತೆ ಮತ್ತೆ ಕೇಳಿತು. ವಿಚಾರಣೆಯಲ್ಲಿ ಕಬ್ಬಿಣದ ಕಡಲೆಯಂತೆ ಕಂಡಿದ್ದ ಸಾಕ್ಷ್ಯಗಳು ಆ ಪ್ರಶ್ನೆಯ ಎದುರು ಏನಾದವು ಎಂಬುದೇ ಇಡೀ ಸರಣಿ.

ಕಂಬದಲ್ಲಿದ್ದ ಗುಂಡು

ಅಂಗಡಿಯಲ್ಲಿ ಸಿಕ್ಕ ಗುಂಡುಗಳು .380 ಕ್ಯಾಲಿಬರಿನವು. ಪಿಸ್ತೂಲು ಆಗಲೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ. ಅದೇ ದಿನ ಬೆಳಿಗ್ಗೆ ಕರ್ಟಿಸ್‌ನ ಸಂಬಂಧಿಯೊಬ್ಬ, ಊರಿನ ಬಟ್ಟೆ ಕಾರ್ಖಾನೆಯೊಂದರ ನೌಕರ, ಕಾರ್ಖಾನೆಯ ಹೊರಗೆ ನಿಲ್ಲಿಸಿದ್ದ ತನ್ನ ಕಾರಿನಿಂದ .380 ಪಿಸ್ತೂಲು ಕಳುವಾಗಿದೆ ಎಂದು ಹೇಳಿದ. ಕಳುವಾದ ಪಿಸ್ತೂಲೇ ಕೊಲೆಯ ಪಿಸ್ತೂಲೋ? ಎರಡೂ ಕೈಯಲ್ಲಿಲ್ಲದಾಗ ಹೋಲಿಸುವುದು ಹೇಗೆ? ಆ ಸಂಬಂಧಿ ಹಿಂದೊಮ್ಮೆ ಗುರಿ ಕಲಿಯಲೆಂದು ತನ್ನ ತಾಯಿಯ ಮನೆಯ ಬಳಿಯ ಮರದ ಕಂಬಕ್ಕೆ ಗುಂಡು ಹಾರಿಸಿದ್ದನಂತೆ. ತನಿಖಾಧಿಕಾರಿಗಳು ಅಲ್ಲಿಗೆ ಹೋಗಿ ಕಂಬ ಕೆತ್ತಿ ಗುಂಡು ಹೊರತೆಗೆದರು. ಅಂಗಡಿಯ ಗುಂಡು ಒಂದು ಕಡೆ, ಕಂಬದ ಗುಂಡು ಇನ್ನೊಂದು ಕಡೆ, ನಡುವೆ ಸೂಕ್ಷ್ಮದರ್ಶಕ.

ಈ ವಿದ್ಯೆಯ ಹಿಂದಿನ ತರ್ಕ ಸರಳ. ಪಿಸ್ತೂಲಿನ ನಳಿಕೆಯ ಒಳಗೆ ಸುರುಳಿಯಾಕಾರದ ಚಡಿಗಳನ್ನು ಕೊರೆದಿರುತ್ತಾರೆ. ಗುಂಡು ತಿರುಗುತ್ತ ನೇರ ಹೋಗಲಿ ಎಂದು. ಆ ಚಡಿಗಳು ಸೀಸದ, ತಾಮ್ರದ ಮೈಯ ಮೇಲೆ ಗೀರು ಎಳೆಯುತ್ತವೆ. ಚಡಿ ಎಷ್ಟು, ಅವುಗಳ ಅಗಲ ಎಷ್ಟು, ಎಡಕ್ಕೆ ತಿರುಗಿವೆಯೋ ಬಲಕ್ಕೋ ಎಂಬುದು ಒಂದೇ ಮಾದರಿಯ ಎಲ್ಲ ಪಿಸ್ತೂಲುಗಳಿಗೂ ಸಮಾನ. ಅದರಿಂದ ಗೊತ್ತಾಗುವುದು ತಯಾರಿಕೆಯ ಜಾತಿ ಮಾತ್ರ. ಅದಕ್ಕಿಂತ ಸಣ್ಣ ಗೀರುಗಳಿವೆ. ಕೊರೆಯುವ ಉಪಕರಣ ಸವೆಯುತ್ತ ಹೋದಂತೆ, ನಳಿಕೆ ತುಕ್ಕು ಹಿಡಿದಂತೆ, ಪಿಸ್ತೂಲಿನಿಂದ ಪಿಸ್ತೂಲಿಗೆ ಅವು ಬೇರೆಯಾಗುತ್ತವೆ ಎಂದು ಪರಿಣತರು ನಂಬುತ್ತಾರೆ. 1920ರ ದಶಕದಲ್ಲಿ ಕ್ಯಾಲ್ವಿನ್ ಗೊಡಾರ್ಡ್ ಮತ್ತು ಜೊತೆಗಾರರು ಎರಡು ಗುಂಡುಗಳನ್ನು ಒಂದೇ ನೋಟದಲ್ಲಿ ಅಕ್ಕಪಕ್ಕ ತೋರಿಸುವ ಜೋಡಿ ಸೂಕ್ಷ್ಮದರ್ಶಕವನ್ನು ಬಳಕೆಗೆ ತಂದಂದಿನಿಂದ ಮಾಡುವ ಕೆಲಸ ಅದೇ: ಗುಂಡನ್ನು ನಿಧಾನವಾಗಿ ಹೊರಳಿಸುತ್ತ, ಗೆರೆಗೆ ಗೆರೆ ಕೂಡುತ್ತದೆಯೇ ಎಂದು ನೋಡುವುದು.

ಕೂಡುತ್ತದೆ ಎನ್ನಲು ಎಷ್ಟು ಗೆರೆ ಬೇಕು? ಇಲ್ಲೇ ತೊಡಕಿರುವುದು. ಅದಕ್ಕೆ ಅಂಕಿಯಿಲ್ಲ. ಕ್ಷೇತ್ರದ ಪರಿಣತರ ಸಂಘವೇ ಒಪ್ಪಿಕೊಂಡಿರುವ ಅಳತೆಯ ಪ್ರಕಾರ ‘ಸಾಕಷ್ಟು ಹೊಂದಾಣಿಕೆ’ ಇರಬೇಕು. ಸಾಕಷ್ಟು ಎಂದರೆ ಎಷ್ಟು? ಒಂದೇ ಪಿಸ್ತೂಲಿನಿಂದ ಬಂದದ್ದು ಎಂದು ಪರಿಣತನಿಗೆ ಮನವರಿಕೆ ಆಗುವಷ್ಟು. ಸುತ್ತಿ ಬಳಸಿ ಹೊರಟಲ್ಲಿಗೇ ಬಂದು ನಿಲ್ಲುವ ವ್ಯಾಖ್ಯಾನವಿದು. ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ 2016ರ ಸೆಪ್ಟೆಂಬರಿನ ತನ್ನ ವರದಿಯಲ್ಲಿ ಇದನ್ನೇ ಎತ್ತಿ ಆಡಿತು. ಪರಿಣತರಿಗೆ ಉತ್ತರ ಗೊತ್ತಿಲ್ಲದಂತೆ ಗುಂಡುಗಳನ್ನು ಕೊಟ್ಟು ಪರೀಕ್ಷಿಸಿದ, ಸರಿಯಾಗಿ ರೂಪಿಸಿದ ಅಧ್ಯಯನ ಅಲ್ಲಿಯವರೆಗೆ ಆಗಿದ್ದದ್ದು ಒಂದೇ ಒಂದು ಎಂದಿತು. ಆ ಒಂದರಲ್ಲಿ, ಬೇರೆ ಬೇರೆ ಪಿಸ್ತೂಲಿನವನ್ನು ಒಂದೇ ಎಂದು ತಪ್ಪಾಗಿ ಹೇಳಿದ ಪ್ರಮಾಣ ಸುಮಾರು 66ಕ್ಕೆ 1. ಅಂಕಿಅಂಶದ ಅನಿಶ್ಚಿತತೆ ಸೇರಿಸಿದರೆ 46ಕ್ಕೆ 1ರವರೆಗೂ ಇರಬಹುದು. ಇದಕ್ಕೂ ಮೊದಲು, 2009ರಲ್ಲೇ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯೊಂದು ವಿಧಿವಿಜ್ಞಾನದ ಹಲವು ಶಾಖೆಗಳ ಬುಡ ಅಲ್ಲಾಡಿಸಿತ್ತು. ಅಪರಾಧ ಪ್ರಯೋಗಾಲಯಗಳಲ್ಲಿ ಡಿಎನ್‌ಎ ಒಂದನ್ನು ಬಿಟ್ಟರೆ ಉಳಿದವುಗಳಲ್ಲಿ ಹೆಚ್ಚಿನವು ವಿಜ್ಞಾನಿಗಳ ಕೈಯಲ್ಲಿ ಹುಟ್ಟಿದವಲ್ಲ, ಪೊಲೀಸರ ಅಗತ್ಯಕ್ಕೆ ಹುಟ್ಟಿದವು.

66ಕ್ಕೆ 1 ಎಂದರೆ ವಿದ್ಯೆಯೇ ಬೊಗಳೆ ಎಂದಲ್ಲ. ಅನುಭವಿ ಕಣ್ಣು ಬಹಳ ಸಲ ಸರಿಯಾಗಿಯೇ ಹೇಳುತ್ತದೆ. ಆದರೆ ವಿನೋನಾದ ಜ್ಯೂರಿಯ ಕಿವಿಗೆ ಬಿದ್ದದ್ದು ‘ಬಹಳ ಸಲ’ ಎಂಬ ಮಾತಲ್ಲ. ಕಂಬದ ಗುಂಡೂ ಅಂಗಡಿಯ ಗುಂಡೂ ಒಂದೇ ಪಿಸ್ತೂಲಿನವು ಎಂದು ಪರಿಣತರು ಅನುಮಾನಕ್ಕೆ ಎಡೆಯೇ ಇಲ್ಲದಂತೆ ನುಡಿದರು. ಪಿಸ್ತೂಲು ಇಲ್ಲದಿದ್ದರೂ ಪಿಸ್ತೂಲು ಇದ್ದಂತೆಯೇ ಆಯಿತು. ಹಾಗೆ ಆದ ಮೇಲೂ ಅದು ಕರ್ಟಿಸ್ ಕೈಗೆ ಬಂದದ್ದು ಹೇಗೆ ಎಂಬುದಕ್ಕೆ ಸೂಕ್ಷ್ಮದರ್ಶಕ ಏನೂ ಹೇಳುವುದಿಲ್ಲ. ಅದಕ್ಕೆ ಬೇಕಾದದ್ದು ನಡೆದು ಹೋದವನನ್ನು ಕಂಡವರ ಮಾತು. ಆ ಮಾತಿನ ಕಡೆಗೆ ಆಮೇಲೆ ಬರುತ್ತೇನೆ.

ಎರಡನೆಯ ಸಾಕ್ಷ್ಯ ಕರ್ಟಿಸ್ ಅಂಗೈ ಹಿಂಭಾಗದಲ್ಲಿ ಸಿಕ್ಕ ಒಂದು ಕಣ. ಒಂದೇ ಒಂದು. ಗುಂಡು ಹಾರಿದಾಗ ಮದ್ದಿನ ಹೊಗೆಯ ಜೊತೆ ಸೀಸ, ಬೇರಿಯಂ, ಆಂಟಿಮನಿ ಬೆರೆತ ಅತಿ ಸಣ್ಣ ಕಣಗಳು ಹೊರಬಂದು ಕೈಗೆ, ಬಟ್ಟೆಗೆ ಅಂಟುತ್ತವೆ. ಅಂಟುಪಟ್ಟಿಯಿಂದ ಅವನ್ನು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೂರೂ ಧಾತುಗಳು ಒಟ್ಟಿಗೆ ಇರುವುದು ಕಾಣುತ್ತದೆ. ಇದು ರಸಾಯನಶಾಸ್ತ್ರ, ಇದರಲ್ಲಿ ಕಣ್ಣಂದಾಜು ಕಡಿಮೆ. ಆದರೆ ಕಣ ಏನು ಎಂಬುದು ಒಂದು ಪ್ರಶ್ನೆ, ಎಲ್ಲಿಂದ ಬಂತು ಎಂಬುದು ಬೇರೆಯೇ ಪ್ರಶ್ನೆ. ಬಂದೂಕು ಹಿಡಿದವರ ಕೈ ಕುಲುಕಿದರೂ ಅಂಟಬಹುದು. ಪೊಲೀಸ್ ಗಾಡಿಯ ಸೀಟು, ಠಾಣೆಯ ಮೇಜು, ಬೇಡಿ ಇವೆಲ್ಲದರಲ್ಲೂ ಅಂಥ ಕಣಗಳು ಇರಬಹುದು. ಕರ್ಟಿಸ್ ಕೈಯಿಂದ ಮಾದರಿ ತೆಗೆದದ್ದು ಕೊಲೆಯಾದ ಕೆಲವು ಗಂಟೆಗಳ ನಂತರ, ಪೊಲೀಸರು ಅವರನ್ನು ಕರೆದೊಯ್ದ ಮೇಲೆ. ಅಮೆರಿಕದ ಎಫ್‌ಬಿಐ 2006ರಲ್ಲಿ ಈ ಪರೀಕ್ಷೆಯನ್ನೇ ತನ್ನ ಪ್ರಯೋಗಾಲಯದಲ್ಲಿ ನಿಲ್ಲಿಸಿಬಿಟ್ಟಿತು. 2010ರ ವಿನೋನಾ ವಿಚಾರಣೆಯಲ್ಲಿ ಆ ಒಂಟಿ ಕಣ ಮಾತ್ರ ಇನ್ನೂ ಸಾಕ್ಷಿ ಹೇಳುತ್ತಲೇ ಇತ್ತು.

ಮೂರನೆಯದು ರಕ್ತದಲ್ಲಿ ಊರಿದ್ದ ಬೂಟಿನ ಗುರುತು. ಬಾಸ್ಕೆಟ್‌ಬಾಲ್ ತಾರೆ ಗ್ರ್ಯಾಂಟ್ ಹಿಲ್ ಹೆಸರಿನಲ್ಲಿ ಫಿಲಾ ಕಂಪನಿ ಮಾರುತ್ತಿದ್ದ ಬೂಟಿನದು. ಕರ್ಟಿಸ್‌ನ ಗೆಳತಿಯ ಮನೆಯಲ್ಲಿ ಆ ಬೂಟಿನ ಖಾಲಿ ಡಬ್ಬಿ ಸಿಕ್ಕಿತು, ಬೂಟು ಸಿಗಲಿಲ್ಲ. ಮಗನಿಗೆಂದು ಕೊಂಡದ್ದು ಎಂದು ಆಕೆ ಹೇಳಿದರು. 90ರ ದಶಕದ ನಡುವಿನಲ್ಲಿ ಅಮೆರಿಕದ ಹುಡುಗರ ಕಾಲಲ್ಲೆಲ್ಲ ಅದೇ ಬೂಟು. ನಾಲ್ವರನ್ನು ಹತ್ತಿರದಿಂದ ಕೊಂದವನ ಬಟ್ಟೆಗೆ ರಕ್ತದ ಹನಿಯಾದರೂ ಸಿಡಿಯಬೇಕಿತ್ತು. ಕರ್ಟಿಸ್ ಬಟ್ಟೆಯ ಮೇಲೆ ಸತ್ತವರ ರಕ್ತ ಸಿಗಲಿಲ್ಲ. ಅಂಗಡಿಯಲ್ಲಿ ಅವರ ಬೆರಳಚ್ಚೂ ಸಿಗಲಿಲ್ಲ.

ಗುಂಡು, ಕಣ, ಬೂಟು. ಮೂರನ್ನೂ ಬೇರೆ ಬೇರೆ ನೋಡಿದರೆ ಪ್ರತಿಯೊಂದಕ್ಕೂ ‘ಆದರೆ’ ಇದೆ. ಜೊತೆಗಿಟ್ಟು ಹೇಳಿದರೆ ‘ಆದರೆ’ಗಳು ಮಾಯವಾಗಿ ಮೂರೂ ಒಂದಕ್ಕೊಂದು ಆಸರೆಯಾಗಿ ನಿಲ್ಲುತ್ತವೆ. ಪ್ರಾಸಿಕ್ಯೂಟರನ ಕಲೆ ಅದು. ಎವಾನ್ಸ್ ಅದರಲ್ಲಿ ಪಳಗಿದವರು. ಪಾಡ್‌ಕಾಸ್ಟ್ ಮಾಡಿದ್ದು ಮೂರನ್ನೂ ಮತ್ತೆ ಬೇರೆ ಬೇರೆ ಕೂರಿಸಿ, ಒಂದೊಂದಕ್ಕೂ ಸಾಕಷ್ಟು ಹೊತ್ತು ಕೊಟ್ಟದ್ದು. ಇದು ಕಿವಿಯ ಮಾಧ್ಯಮಕ್ಕೆ ಮಾತ್ರ ಸಾಧ್ಯವಾಗುವ ಕೆಲಸ ಎನಿಸುತ್ತದೆ. ಟಿವಿಯಲ್ಲಿ ವಿಧಿವಿಜ್ಞಾನ ಎಂದರೆ ನೀಲಿ ಬೆಳಕು, ಪರದೆಯ ಮೇಲೆ ‘ಮ್ಯಾಚ್’ ಎಂದು ಮಿನುಗುವ ಅಕ್ಷರ. ಕಿವಿಗೆ ಆ ಅಕ್ಷರ ಕಾಣುವುದಿಲ್ಲ. ಕೇಳುವುದು ಒಬ್ಬ ಮನುಷ್ಯ ತಾನು ಏನು ನೋಡಿದೆ ಎಂದು ವಿವರಿಸುವ ದನಿ, ಆ ದನಿ ತಡವರಿಸುವ ಜಾಗ.

ನಡೆದವನು, ನೋಡಿದವರು

ಪ್ರಾಸಿಕ್ಯೂಷನ್ ಪ್ರಕಾರ ಆ ಬೆಳಿಗ್ಗೆ ಕರ್ಟಿಸ್ ಮನೆಯಿಂದ ಕಾರ್ಖಾನೆಗೆ ನಡೆದು ಪಿಸ್ತೂಲು ಕದ್ದರು, ಮನೆಗೆ ಮರಳಿದರು, ಅಲ್ಲಿಂದ ಪೇಟೆಗೆ ನಡೆದು ಕೊಂದರು, ಮತ್ತೆ ಮನೆಗೆ ನಡೆದರು. ಜುಲೈ ಬಿಸಿಲಲ್ಲಿ, ಹಾಡಹಗಲಲ್ಲಿ, ಊರಿನ ಮುಖ್ಯ ರಸ್ತೆಗಳಲ್ಲೇ ಮೈಲಿಗಟ್ಟಲೆ ನಡಿಗೆ. ದಾರಿಯುದ್ದಕ್ಕೂ ಅವರನ್ನು ಕಂಡೆವು ಎನ್ನುವ ಸಾಕ್ಷಿಗಳ ಸಾಲೇ ಇತ್ತು. ಬ್ಯಾರನ್ ತಂಡ ಆ ದಾರಿಯನ್ನು ತಾನೂ ನಡೆಯಿತು, ಸಾಕ್ಷಿಗಳ ಮನೆ ಬಾಗಿಲು ತಟ್ಟಿತು. ಆಗ ತಿಳಿದದ್ದು: ಎಷ್ಟೋ ಮಂದಿಯ ಹೇಳಿಕೆ ಪಡೆದದ್ದು ಕೊಲೆಯಾದ ಮರುದಿನವಲ್ಲ, ತಿಂಗಳುಗಳ ಮೇಲೆ. ಊರಿನಲ್ಲಿ 30 ಸಾವಿರ ಡಾಲರ್ ಬಹುಮಾನದ ಘೋಷಣೆ ಇತ್ತು. ಕರ್ಟಿಸ್ ಆ ಊರಿನವರೇ, ದಿನವೂ ಅಡ್ಡಾಡುವವರು. ಅವರನ್ನು ರಸ್ತೆಯಲ್ಲಿ ಕಂಡದ್ದು ನಿಜವಿರಬಹುದು, ಆದರೆ ಅದು ಜುಲೈ 16ರಂದೇ ಎಂದು ನೆನಪಿಟ್ಟವರು ಯಾರು? ಕೆಲವರು ಮೈಕಿನ ಮುಂದೆಯೇ, ದಿನ ಖಚಿತವಾಗಿ ಗೊತ್ತಿಲ್ಲ ಎಂದುಬಿಟ್ಟರು.

ಎಲ್ಲಕ್ಕಿಂತ ಭಾರದ ಸಾಕ್ಷಿ ಒಬ್ಬ ಕೈದಿ. ಜೈಲಿನಲ್ಲಿ ಕರ್ಟಿಸ್ ತನ್ನ ಬಳಿ ತಪ್ಪೊಪ್ಪಿಕೊಂಡ ಎಂದು ವಿಚಾರಣೆಯ ಮೇಲೆ ವಿಚಾರಣೆಯಲ್ಲಿ ಹೇಳಿದವನು. 2016ರಲ್ಲಿ ಅವನೇ ಮೂವರನ್ನು ಕೊಂದು ಜೀವಾವಧಿ ಶಿಕ್ಷೆಗೆ ಒಳಗಾಗಿದ್ದ. ಜೈಲಿನೊಳಗೆ ಕದ್ದು ಇಟ್ಟುಕೊಂಡ ಮೊಬೈಲಿನಿಂದ ಪಾಡ್‌ಕಾಸ್ಟ್ ತಂಡದ ಜೊತೆ ಮಾತಾಡಿದ ಅವನು, ಕರ್ಟಿಸ್ ತನ್ನ ಹತ್ತಿರ ಏನನ್ನೂ ಒಪ್ಪಿಕೊಂಡಿರಲಿಲ್ಲ, ಅದೆಲ್ಲ ಕಟ್ಟುಕಥೆ ಎಂದ. ಕೊಲೆಗಾರನ ಮಾತನ್ನು ಈಗ ನಂಬುವುದೇಕೆ ಎಂದು ಕೇಳಬಹುದು. ಕೇಳಲೇಬೇಕು. ಆದರೆ ಅದೇ ಪ್ರಶ್ನೆಯನ್ನು ಮೊದಲೇ ಕೇಳಬೇಕಾಗಿತ್ತಲ್ಲ?

ಇನ್ನೊಂದು ಸಂಗತಿಯನ್ನೂ ತಂಡ ಹೊರತೆಗೆಯಿತು. ಕೊಲೆಯ ಬೆನ್ನಿಗೇ ಪೊಲೀಸರು ಬೇರೊಬ್ಬನನ್ನೂ ಹಿಡಿದು ದಿನಗಟ್ಟಲೆ ಇಟ್ಟುಕೊಂಡು ವಿಚಾರಿಸಿದ್ದರು. ಆ ವಿಚಾರಣೆಯ ವಿವರ ಕರ್ಟಿಸ್ ಪರ ವಕೀಲರಿಗೆ ತಲುಪಿರಲಿಲ್ಲ. ಅವನೇ ಕೊಂದ ಎಂದು ಇದರಿಂದ ಸಾಬೀತಾಗುವುದಿಲ್ಲ, ಪಾಡ್‌ಕಾಸ್ಟೂ ಹಾಗೆ ಹೇಳಲಿಲ್ಲ. ಪೊಲೀಸರ ಬಳಿ ಇರುವ, ಆರೋಪಿಗೆ ನೆರವಾಗಬಲ್ಲ ಮಾಹಿತಿ ಅವನ ಕಡೆಯವರಿಗೂ ಸಿಗಬೇಕೆಂಬುದು ಅಲ್ಲಿನ ಕಾನೂನು. ಅದು ಪಾಲನೆಯಾಗಿರಲಿಲ್ಲ, ಅಷ್ಟೇ.

ಇದನ್ನೆಲ್ಲ ಕೇಳುತ್ತಿದ್ದರೆ ನಮ್ಮ ಬೆಂಗಳೂರು ನೆನಪಾಗದಿರದು. 2000ದ ದಶಕದಲ್ಲಿ ಇಲ್ಲಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರುವಾಸಿ. ಛಾಪಾ ಕಾಗದ ಹಗರಣದ ತೆಲಗಿಯೂ ಇಲ್ಲಿನ ಮೇಜಿನ ಮೇಲೆ ಮಲಗಿ ಹೋದ. ಸೋಡಿಯಂ ಪೆಂಟೊಥಾಲ್ ಚುಚ್ಚಿದರೆ ಸತ್ಯ ತಾನಾಗಿ ಉದುರುತ್ತದೆ ಎಂಬ ನಂಬಿಕೆ ಪೊಲೀಸರಿಗೂ ಇತ್ತು, ಟಿವಿ ನೋಡುವವರಿಗೂ ಇತ್ತು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್, ಸುಳ್ಳು ಪತ್ತೆ ಯಂತ್ರ ಯಾವುದನ್ನೂ ಬಳಸುವಂತಿಲ್ಲ ಎಂದರು. ವಿನೋನಾದಲ್ಲಿ ಆರನೆಯ ವಿಚಾರಣೆ ನಡೆದು ಕರ್ಟಿಸ್‌ಗೆ ಶಿಕ್ಷೆಯಾದದ್ದೂ ಅದೇ ವರ್ಷ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಅಣಿಯಾಗಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಒಳ್ಳೆಯ ಕಾನೂನು. ಆದರೆ ತಜ್ಞರು ಕೊಡುವುದನ್ನು ನಮ್ಮ ಸಾಕ್ಷ್ಯ ಕಾನೂನು ‘ಅಭಿಪ್ರಾಯ’ ಎಂದೇ ಕರೆಯುತ್ತದೆ ಎಂಬುದನ್ನು ನ್ಯಾಯಾಲಯದ ಹೊರಗೆ ಬಹಳ ಮಂದಿ ಮರೆಯುತ್ತಾರೆ, ಒಳಗೂ ಕೆಲವರು.

ನೂರ ನಲವತ್ತೈದು ಪ್ರಶ್ನೆ

ಇಷ್ಟು ತೆಳ್ಳಗಿನ ಸಾಕ್ಷ್ಯದ ಮೇಲೆ ನಾಲ್ಕು ಸಲ ಮರಣದಂಡನೆ ಸಿಕ್ಕಿದ್ದು ಹೇಗೆ? ನನಗನಿಸುವಂತೆ ಇಡೀ ಪಾಡ್‌ಕಾಸ್ಟಿನ ಬೆನ್ನೆಲುಬು ಇಲ್ಲಿದೆ, ಪ್ರಯೋಗಾಲಯದಲ್ಲಿಲ್ಲ. ಸಾಕ್ಷ್ಯ ಗಟ್ಟಿಯೋ ಟೊಳ್ಳೋ ಎಂದು ತೀರ್ಮಾನಿಸುವ ಹನ್ನೆರಡು ಕುರ್ಚಿಯಲ್ಲಿ ಯಾರನ್ನು ಕೂರಿಸಬೇಕು ಎಂಬುದರಲ್ಲೇ ಅರ್ಧ ತೀರ್ಪು ಬರೆದಾಗಿರುತ್ತದೆ.

ಜ್ಯೂರಿ ಎಂದರೆ ನಮಗೆ ನೆನಪಾಗುವುದು ನಾನಾವತಿ ಪ್ರಕರಣ, 8–1ರಲ್ಲಿ ‘ತಪ್ಪಿತಸ್ಥನಲ್ಲ’ ಎಂದದ್ದು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಹೊತ್ತಿಗೆ ಆ ಪದ್ಧತಿ ಇಲ್ಲಿ ಅಳಿದುಹೋಯಿತು. ಅಮೆರಿಕದಲ್ಲಿ ಅದು ಇನ್ನೂ ಜೀವಂತ. ಊರಿನ ನಾಗರಿಕರನ್ನು ದೊಡ್ಡ ಸಂಖ್ಯೆಯಲ್ಲಿ ಕರೆಸಿ, ಪ್ರಶ್ನೆ ಕೇಳಿ, ಸೋಸಿ ಹನ್ನೆರಡು ಮಂದಿಯನ್ನು ಉಳಿಸಿಕೊಳ್ಳುತ್ತಾರೆ. ಕಾರಣ ಹೇಳದೆಯೇ ಕೆಲವರನ್ನು ಕೈಬಿಡುವ ಹಕ್ಕು ಎರಡೂ ಕಡೆಯ ವಕೀಲರಿಗಿದೆ. ಬಣ್ಣ ನೋಡಿ ಕೈಬಿಡಬಾರದು ಎಂದು 1986ರ ಬ್ಯಾಟ್ಸನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ವಕೀಲರು ‘ಬಣ್ಣ ಅಲ್ಲ, ಬೇರೆ ಕಾರಣ’ ಎಂದು ಹೇಳುವುದನ್ನು ಕಲಿತರು.

ವಿನೋನಾದ ಜನಸಂಖ್ಯೆಯಲ್ಲಿ ಕಪ್ಪು ಜನ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇ 53. ಆರನೆಯ ವಿಚಾರಣೆಯ ಜ್ಯೂರಿಯಲ್ಲಿ ಹನ್ನೊಂದು ಬಿಳಿಯರು, ಒಬ್ಬರು ಕಪ್ಪು. ಅವರು ಸುಮಾರು ಅರ್ಧ ಗಂಟೆ ಚರ್ಚಿಸಿ ತೀರ್ಪು ಕೊಟ್ಟರು. ಆ ಜ್ಯೂರಿ ಆರಿಸುವಾಗ ಎವಾನ್ಸ್ ಕಡೆಯವರು ಕೈಬಿಟ್ಟ ಐವರು ಕಪ್ಪು ನಾಗರಿಕರಿಗೆ ಒಟ್ಟು 145 ಪ್ರಶ್ನೆ ಕೇಳಿದ್ದರು. ಉಳಿಸಿಕೊಂಡ ಹನ್ನೊಂದು ಬಿಳಿಯರಿಗೆ ಎಲ್ಲ ಸೇರಿ 12. ತಲೆಗೆ ಇಪ್ಪತ್ತೊಂಬತ್ತು ಒಂದು ಕಡೆ, ತಲೆಗೆ ಒಂದು ಇನ್ನೊಂದು ಕಡೆ. ಇಪ್ಪತ್ತೊಂಬತ್ತು ಪ್ರಶ್ನೆ ಕೇಳಿದರೆ ಯಾರ ಬಾಯಲ್ಲೂ ಒಂದಲ್ಲ ಒಂದು ‘ಕಾರಣ’ ಸಿಕ್ಕೇ ಸಿಗುತ್ತದೆ: ಆರೋಪಿಯ ಮನೆಯವರ ಪರಿಚಯವಿದೆ, ಅವರ ಜೊತೆ ಕೆಲಸ ಮಾಡಿದ್ದಾರೆ, ಅಂಗಡಿಯಲ್ಲಿ ಸಾಲ ಇತ್ತು. ಐದು ಸಾವಿರ ಜನರ ಊರಿನಲ್ಲಿ ಯಾರಿಗೆ ಯಾರ ಪರಿಚಯ ಇರುವುದಿಲ್ಲ?

2008ರ ಐದನೆಯ ವಿಚಾರಣೆಯಲ್ಲಿ ಒಬ್ಬ ಕಪ್ಪು ಜ್ಯೂರರ್ ಮಾತ್ರ ಒಪ್ಪದೆ ನಿಂತದ್ದರಿಂದ ವಿಚಾರಣೆ ಮುರಿದುಬಿತ್ತು. ಅವರ ಮೇಲೆ ಸುಳ್ಳು ಪ್ರಮಾಣದ ಕೇಸು ಹಾಕಲಾಯಿತು; ಮುಂದೆ ಅದನ್ನು ಕೈಬಿಟ್ಟರು. ಊರಿಗೆ ಹೋಗಬೇಕಾದ ಸಂದೇಶ ಹೋಗಿತ್ತು.

ಇದು ಒಂದು ಪ್ರಕರಣದ ಕಥೆಯೋ, ಎವಾನ್ಸ್ ಕಚೇರಿಯ ವಾಡಿಕೆಯೋ? ತಿಳಿಯಲು ಪಾಡ್‌ಕಾಸ್ಟ್ ತಂಡ ಮಾಡಿದ ಕೆಲಸ ಪತ್ತೇದಾರಿಗಿಂತ ಗುಮಾಸ್ತಗಿರಿಗೆ ಹತ್ತಿರ. ಏಳು ಕೌಂಟಿಗಳ ನ್ಯಾಯಾಲಯಗಳ ಕಡತದ ಕೋಣೆಗಳಲ್ಲಿ ಕೂತು 1,15,000ಕ್ಕೂ ಹೆಚ್ಚು ಪುಟಗಳನ್ನು ಸ್ಕ್ಯಾನ್ ಮಾಡಿದರು. 1992ರಿಂದ 2017ರವರೆಗಿನ 225 ವಿಚಾರಣೆಗಳು, 6,700ಕ್ಕೂ ಹೆಚ್ಚು ಸಂಭಾವ್ಯ ಜ್ಯೂರರುಗಳು. ಯಾರು ಕಪ್ಪು, ಯಾರು ಬಿಳಿ, ಯಾರನ್ನು ಯಾರು ಕೈಬಿಟ್ಟರು ಎಂದು ಒಂದೊಂದೇ ಹೆಸರು ಗುರುತು ಹಾಕಿದರು. ಬಿಳಿಯರಿಗೆ ಹೋಲಿಸಿದರೆ ಕಪ್ಪು ನಾಗರಿಕರನ್ನು ಎವಾನ್ಸ್ ಕಚೇರಿ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಾಗಿ ಕೈಬಿಟ್ಟಿತ್ತು. ಇಂಥ ಕೆಲಸಕ್ಕೆ ಪಿಸುದನಿ ಬೇಕಾಗಿಲ್ಲ, ಹಿನ್ನೆಲೆ ಸಂಗೀತವೂ ಬೇಕಾಗಿಲ್ಲ.

2019ರ ಮಾರ್ಚ್ 20ರಂದು ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಾದಕ್ಕೆ ಬಂತು. ವರ್ಷಗಟ್ಟಲೆ ಪೀಠದಲ್ಲಿ ಬಾಯಿ ಬಿಡದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅಂದು ಪ್ರಶ್ನೆ ಕೇಳಿದ್ದೇ ಸುದ್ದಿಯಾಯಿತು. ಜೂನ್ 21ರಂದು 7–2ರ ತೀರ್ಪು. ಬರೆದವರು ಬ್ರೆಟ್ ಕ್ಯಾವನಾ, ಥಾಮಸ್ ಭಿನ್ನಮತ. ದಾಖಲೆ ಇರುವ ವಿಚಾರಣೆಗಳನ್ನೆಲ್ಲ ಕೂಡಿಸಿದರೆ, ಕೈಬಿಡಲು ಅವಕಾಶವಿದ್ದ 42 ಕಪ್ಪು ನಾಗರಿಕರಲ್ಲಿ ಪ್ರಾಸಿಕ್ಯೂಷನ್ 41 ಮಂದಿಯನ್ನು ಕೈಬಿಟ್ಟಿತ್ತು ಎಂಬುದನ್ನು ತೀರ್ಪು ಎತ್ತಿ ತೋರಿಸಿತು. ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ನ್ಯಾಯಾಲಯ ತೀರ್ಮಾನಿಸಿದ್ದು ತನ್ನ ಮುಂದಿದ್ದ ದಾಖಲೆಯ ಮೇಲೆ, ಪಾಡ್‌ಕಾಸ್ಟಿನ ಮೇಲಲ್ಲ. ಕರ್ಟಿಸ್ ನಿರಪರಾಧಿ ಎಂದೂ ಅದು ಹೇಳಲಿಲ್ಲ. ಜ್ಯೂರಿ ಆಯ್ಕೆ ಕೆಟ್ಟಿತ್ತು ಎಂದಿತು, ಅಷ್ಟೇ. ಪಾಡ್‌ಕಾಸ್ಟಿನ ಪೆಟ್ಟು ಬಿದ್ದದ್ದು ಆಮೇಲೆ. 2019ರ ಡಿಸೆಂಬರ್ 16ರಂದು ಜಾಮೀನು ಸಿಕ್ಕಿತು. ಎವಾನ್ಸ್ ಪ್ರಕರಣದಿಂದ ಹಿಂದೆ ಸರಿದರು. ರಾಜ್ಯದ ಅಟಾರ್ನಿ ಜನರಲ್ ಲಿನ್ ಫಿಚ್ 2020ರ ಸೆಪ್ಟೆಂಬರಿನಲ್ಲಿ ಆರೋಪ ಕೈಬಿಡುವಾಗ ಕೊಟ್ಟ ಕಾರಣ ಇದು: ಕರ್ಟಿಸ್ ವಿರುದ್ಧ ನುಡಿಯಬಲ್ಲ, ಬದುಕಿರುವ, ಮಾತು ಬದಲಿಸದ ಒಬ್ಬ ಪ್ರಮುಖ ಸಾಕ್ಷಿಯೂ ಉಳಿದಿಲ್ಲ. ಸಾಕ್ಷಿಗಳ ಮಾತು ಬದಲಾದದ್ದು ಮೈಕಿನ ಮುಂದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಪಾಡ್‌ಕಾಸ್ಟ್ ಎಂದರೆ ಸತ್ಯಸಂಧ ಎಂದು ಇಷ್ಟರಿಂದ ಹೇಳಿಬಿಟ್ಟರೆ ಅವಸರವಾದೀತು. 2018ರ ಅದೇ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದಲ್ಲಿ ಹೆಡ್ಲಿ ಥಾಮಸ್ ಎಂಬ ಪತ್ರಕರ್ತರ ‘ದ ಟೀಚರ್ಸ್ ಪೆಟ್’ ಶುರುವಾಯಿತು. 1982ರ ಜನವರಿಯಲ್ಲಿ ಸಿಡ್ನಿಯ ಉತ್ತರ ಕಡಲಂಚಿನಿಂದ ಕಾಣೆಯಾದ ಲಿನೆಟ್ ಡಾಸನ್ ಎಂಬ ಇಬ್ಬರು ಮಕ್ಕಳ ತಾಯಿಯ ಕಥೆ. ಅಲ್ಲಿ ವಿಧಿವಿಜ್ಞಾನಕ್ಕೆ ಹಿಡಿತವೇ ಇರಲಿಲ್ಲ: ಶವವಿಲ್ಲ, ಆಯುಧವಿಲ್ಲ, ರಕ್ತವಿಲ್ಲ. 2018ರಲ್ಲಿ ಪೊಲೀಸರು ಹಳೆಯ ಮನೆಯ ಹಿತ್ತಲನ್ನು ಮತ್ತೆ ಅಗೆದರು, ಏನೂ ಸಿಗಲಿಲ್ಲ. ಪಾಡ್‌ಕಾಸ್ಟ್ ಗಂಡ ಕ್ರಿಸ್ ಡಾಸನ್ ಕಡೆ ಬೆರಳು ತೋರಿಸುವುದರಲ್ಲಿ ಸಂಕೋಚ ಪಡಲಿಲ್ಲ. ಡಿಸೆಂಬರಿನಲ್ಲಿ ಆತನ ಬಂಧನವಾಯಿತು. ಆದರೆ ಕೋಟಿಗಟ್ಟಲೆ ಸಲ ಡೌನ್‌ಲೋಡ್ ಆದ ಕಥೆಯನ್ನು ಕೇಳಿಲ್ಲದ ಜ್ಯೂರರುಗಳನ್ನು ಎಲ್ಲಿಂದ ತರುವುದು? 2019ರಲ್ಲಿ ಆಸ್ಟ್ರೇಲಿಯಾದಲ್ಲಿ ಪಾಡ್‌ಕಾಸ್ಟನ್ನು ತೆಗೆದುಹಾಕಬೇಕಾಯಿತು, ವಿಚಾರಣೆಯನ್ನೇ ಕೆಲಕಾಲ ತಡೆಹಿಡಿಯಲಾಯಿತು. ಕೊನೆಗೆ ಜ್ಯೂರಿ ಇಲ್ಲದೆ ನ್ಯಾಯಮೂರ್ತಿ ಇಯಾನ್ ಹ್ಯಾರಿಸನ್ ಒಬ್ಬರೇ ಕೂತು ಕೇಳಿ, 2022ರ ಆಗಸ್ಟ್ 30ರಂದು ಸಾಂದರ್ಭಿಕ ಸಾಕ್ಷ್ಯದ ಮೇಲೆ ತಪ್ಪಿತಸ್ಥ ಎಂದು ತೀರ್ಪು ಕೊಟ್ಟರು. 24 ವರ್ಷ ಶಿಕ್ಷೆ.

ಆ ತೀರ್ಪು ಸರಿಯೆಂದೇ ನನ್ನ ನಂಬಿಕೆ. ಆದರೂ ಕೆಲಸ ಮಾಡಿದ ರೀತಿಯಲ್ಲಿ ‘ಇನ್ ದ ಡಾರ್ಕ್’ ತಂಡದ್ದೇ ನನಗೆ ಹೆಚ್ಚು ಇಷ್ಟ. ಬೆರಳು ತೋರಿಸುವವನ ಊಹೆ ತಪ್ಪಾಗಿದ್ದರೆ ಇನ್ನೊಬ್ಬ ಕರ್ಟಿಸ್ ತಯಾರಾಗುತ್ತಿದ್ದ, ಈ ಸಲ ಕೇಳುಗರ ಚಪ್ಪಾಳೆಯೊಂದಿಗೆ.

ಆರೋಪ ಬಿದ್ದುಹೋದ ಮೇಲೆ, 2020ರ ಅಕ್ಟೋಬರಿನಲ್ಲಿ, ಕರ್ಟಿಸ್ ಮೊದಲ ಸಲ ಪಾಡ್‌ಕಾಸ್ಟಿನಲ್ಲಿ ತಾವೇ ಮಾತಾಡಿದರು. ಎರಡು ವರ್ಷಗಳ ಕಾಲ ಯಾರ ಬಗ್ಗೆ ಕಂತಿನ ಮೇಲೆ ಕಂತು ಬಂದಿತ್ತೋ ಅವರ ಸಂದರ್ಶನವೇ ಅಲ್ಲಿಯವರೆಗೆ ಆಗಿರಲಿಲ್ಲ. ಕರ್ಟಿಸ್ ಸುಮಾರು 23 ವರ್ಷ ಒಳಗಿದ್ದರು. ಬಿಡುಗಡೆಗೆ ಮುನ್ನವೇ, 2018ರಲ್ಲಿ ಅವರ ತಾಯಿ ತೀರಿಕೊಂಡಿದ್ದರು. ತಪ್ಪಾಗಿ ಜೈಲಿನಲ್ಲಿಟ್ಟವರಿಗೆ ಮಿಸಿಸಿಪ್ಪಿಯ ಕಾನೂನು ವರ್ಷಕ್ಕೆ 50 ಸಾವಿರ ಡಾಲರಿನಂತೆ ಕೊಡುತ್ತದೆ, ಒಟ್ಟು 5 ಲಕ್ಷ ಮೀರುವಂತಿಲ್ಲ. ಹತ್ತು ವರ್ಷದ ದುಡ್ಡು ಬಂತು. ಉಳಿದ ವರ್ಷಗಳಿಗೆ ಬಾಬತ್ತು ಇಲ್ಲ.

‘ಇನ್ ದ ಡಾರ್ಕ್’ ತಂಡ ಈಗ ‘ನ್ಯೂಯಾರ್ಕರ್’ ಪತ್ರಿಕೆಯ ಬಳಿ ಇದೆ. ಇರಾಕಿನ ಹದಿತಾ ಹತ್ಯೆಗಳ ಬಗ್ಗೆ ಮಾಡಿದ ಮೂರನೆಯ ಸರಣಿಗೆ 2025ರಲ್ಲಿ ಪುಲಿಟ್ಜರ್ ಬಂತು. ವಿನೋನಾದಲ್ಲಿ ಸತ್ತ ನಾಲ್ವರ ಮನೆಯವರಲ್ಲಿ ಹಲವರು ಆರೂ ವಿಚಾರಣೆಗಳಲ್ಲಿ ಹೋಗಿ ಕೂತವರು. ಕೊಂದದ್ದು ಕರ್ಟಿಸ್ಸೇ ಎಂದು ಇಷ್ಟಾದರೂ ನಂಬುವವರು ಅವರಲ್ಲಿದ್ದಾರೆ. ಕರ್ಟಿಸ್ ಮೇಲೆ ಮತ್ತೆ ಕೇಸು ಹಾಕಲು ಬಾರದಂತೆ ಆರೋಪ ವಜಾ ಆಗಿದೆ. ಬೇರೆ ಯಾರ ಮೇಲೂ ಆರೋಪ ಬಂದಿಲ್ಲ. ಪಿಸ್ತೂಲೂ ಸಿಕ್ಕಿಲ್ಲ.